ಕಾಡೂ ಕಾಯಕವೂ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಮೇದಾರ ಕೇತಯ್ಯನೂ ಮೋಳಿಗೆಯ ಮಾರಯ್ಯನೂ ಕಾಡನ್ನು ನಂಬಿ ಕಾಯಕ ಮಾಡಿದವರು. ಕೇತಯ್ಯನು ಬಿದಿರನ್ನು ಸೀಳಿ ಮೊರ ಬುಟ್ಟಿಗಳನ್ನು ಹೆಣೆದು, ಮಾರಯ್ಯನು ಸೌದೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಮಾರಿ, ಬಂದುದರಿಂದ ದಾಸೋಹವನ್ನು ನಡೆಯಿಸಿದರೆಂಬುದು ವಾಚಕರಿಗೆಲ್ಲ ತಿಳಿದ ಸಂಗತಿ. ಇವರ ಚರಿತೆಯನ್ನು ವಿವರಿಸುವವರು ಕಾಯಕದ ಶುದ್ಧಿಯನ್ನೂ ದಾಸೋಹದ ಹಿರಿಮೆಯನ್ನೂ ಎತ್ತಿ ಹೇಳುವುದು ವಾಡಿಕೆ. ಅದು ಯುಕ್ತವೂ ಅಹುದು. ಆದರೆ ಕೇತಯ್ಯನ ಬಿದಿರು ಎಲ್ಲಿ ಬೆಳೆದಿತ್ತು, ಅದನ್ನು ಕಡಿಯಲು ಯಾರ ಅಪ್ಪಣೆ ಬೇಕಾಗಿತ್ತು, ಕಡಿದ ಮೆಳೆ ಮತ್ತೆ ಚಿಗುರುವಂತೆ ನೋಡಿಕೊಳ್ಳುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆಗಳನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಬಹುಕಾಲದವರೆಗೆ ಕೇಳುವ ಅಗತ್ಯವೂ ಒದಗಲಿಲ್ಲವೆನ್ನಬಹುದು. ಕಾಡಿಗೆ ಗಡಿಕಲ್ಲು ನೆಟ್ಟು, ಕಾವಲುಗಾರನನ್ನಿಟ್ಟು, ಒಂದೊಂದು ಗಳಕ್ಕೂ ದರ ಗೊತ್ತುಮಾಡಿದ ಮೇಲೆ ಮಾತ್ರ ಮೇದಾರನ ಕಾಯಕವು ಅವನ ಕೈಯ ಚಳಕವೊಂದರಿಂದಲೇ ಸಾಗತಕ್ಕದ್ದಲ್ಲವೆಂಬುದು ಎಲ್ಲರಿಗೂ ಕಾಣಬಂದಿತು. ಕಾಯಕಕ್ಕೆ ಮೈದುಡಿಮೆ ಹೇಗೋ ಹಾಗೆ ಪದಾರ್ಥವೂ ಬೇಕು. ಆ ಪದಾರ್ಥ ಯಾರದು? ಕರ್ನಾಟಕದ ಬಿದಿರಿನ ವೃತ್ತಾಂತದ ಮೂಲಕ ಈ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಬಿದಿರಿನ ಸ್ವಭಾವವನ್ನು ಕೊಂಚ ತಿಳಿಯಬೇಕು. ನೋಡುವುದಕ್ಕೆ ಮರದಂತಿದ್ದರೂ ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು. ನೆಲದೊಳಗಿನ ಗೆಡ್ಡೆಯಿಂದ ಮಳೆಗಾಲದಲ್ಲಿ ಕಳಲೆ ಮೂಡುತ್ತದೆ. ಕೆಲವೇ ತಿಂಗಳುಗಳಲ್ಲಿ ಅದು ತನ್ನ ಪೂರ್ಣ ಎತ್ತರಕ್ಕೆ ಏರಿಬಿಡುತ್ತದೆ. ಅಲ್ಲಿಂದ ಮುಂದೆ ಅದು ಬೆಳೆಯುವುದಿಲ್ಲ, ಬಲಿಯುತ್ತದೆ. ಎರಡು ಮೂರು ವರ್ಷ ಬಲಿತ ಗಳವೇ ಕೆಲಸಕ್ಕೆ ಯೋಗ್ಯವಾದುದು. ಎಳೆಯದನ್ನು ಉಳಿಸಿ ಬಲಿತುದನ್ನು ಮಾತ್ರ ತೆಗೆಯುತ್ತ ಹೋದರೆ ಒಂದು ಮೆಳೆ ಹಲವು ದಶಕಗಳ ಕಾಲ ಬರಿದಾಗದೆ ಕೊಡುತ್ತಲೇ ಇರುತ್ತದೆ. ಹೆಬ್ಬಿದಿರು ಸುಮಾರು ೪೦ರಿಂದ ೫೦ ವರ್ಷಗಳಿಗೊಮ್ಮೆ ಒಂದು ಸೀಮೆಯಲ್ಲೆಲ್ಲ ಒಟ್ಟಾಗಿ ಹೂ ಬಿಟ್ಟು, ಬಿದಿರಕ್ಕಿಯನ್ನು ಸುರಿಸಿ, ಸಾಯುತ್ತದೆ. ಮರುವರ್ಷದಿಂದ ಬೀಜದ ಸಸಿಗಳು ಏಳಬೇಕು. ಈ ಹೆಬ್ಬಿದಿರಿನ ಮೆಳೆಯ ಬುಡಕ್ಕೆ ಮುಳ್ಳುಗೊಂಬೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಕತ್ತಿ ಹಿಡಿದು ಒಳಹೊಕ್ಕವನ ಮೈಯನ್ನು ಅವು ಗೀರದೆ ಬಿಡುವುದಿಲ್ಲ. ಆ ಮುಳ್ಳಿನ ಸಂಗತಿಯನ್ನು ಮುಂದೆ ಮತ್ತೆ ಹೇಳಬೇಕಾಗಿದೆಯಾದ್ದರಿಂದ ವಾಚಕರು ಅದನ್ನು ನೆನಪಿನಲ್ಲಿಡುವುದು ಒಳಿತು.

ಊರ ಬದುಕಿನಲ್ಲಿ ಬಿದಿರಿಗೆ ಇದ್ದ ಸ್ಥಾನವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಕೂಸಿನ ತೊಟ್ಟಿಲು, ಬಾಗಿನದ ಮೊರ, ಕಾಳಿನ ಕಣಜ, ಗೊಬ್ಬರದ ಹೆಡಿಗೆ, ಗುಡಿಸಲಿನ ತಟ್ಟಿ, ಏಣಿ, ಕೊಳಲು, ಎಲ್ಲವೂ ಅದರಿಂದಲೇ. ಬರದ ವರ್ಷ ಬಿದಿರಕ್ಕಿ, ಮಳೆಗಾಲದಲ್ಲಿ ಕಳಲೆ. ರೈತನಿಗೆ ವರ್ಷಕ್ಕೆ ಹತ್ತಿಪ್ಪತ್ತು ಗಳವಾದರೆ ಸಾಕು; ಮೇದಾರನಿಗೆ ಮಾತ್ರ ದಿನವೂ ಬೇಕು. ರೈತನ ಬದುಕು ಹೊಲದ ಮೇಲೆ ನಿಂತಿದ್ದರೆ ಅವನ ಬದುಕು ಮೆಳೆಯ ಮೇಲೆ ನಿಂತಿದೆ.

ಕಾಡು ಸರಕಾರದ ಸೊತ್ತಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಹಡಗುಗಳಿಗೂ ರೈಲುಹಾದಿಯ ಅಡಿಮರಗಳಿಗೂ ಬೇಕಾದ ಮರಮಟ್ಟಿಗಾಗಿ ಬ್ರಿಟಿಷರು ೧೮೬೪ರಲ್ಲಿ ಅರಣ್ಯ ಇಲಾಖೆಯನ್ನು ಸ್ಥಾಪಿಸಿದರು. ೧೮೭೮ರ ಅರಣ್ಯ ಕಾಯಿದೆಯು ಕಾಡನ್ನು ಕಾದಿಟ್ಟ ಕಾಡು, ರಕ್ಷಿತ ಕಾಡು, ಗ್ರಾಮದ ಕಾಡು ಎಂದು ಮೂರು ಬಗೆಯಾಗಿ ವಿಂಗಡಿಸಿತು. ಇಲಾಖೆಯ ಮೊದಲ ಮುಖ್ಯಾಧಿಕಾರಿಯಾಗಿದ್ದ ಜರ್ಮನ್ ವಿದ್ವಾಂಸ ಡೀಟ್ರಿಚ್ ಬ್ರಾಂಡಿಸನು ಊರಿಗೊಂದು ಕಾಡು ಇರಬೇಕು, ಅದರ ಆಡಳಿತ ಊರವರದಾಗಿರಬೇಕು ಎಂದು ವಾದಿಸಿದವನು. ಬೇಡನ್ ಪೊವೆಲ್ ಎಂಬ ಇನ್ನೊಬ್ಬ ಅಧಿಕಾರಿಯು, ಜನರು ರೂಢಿಯಿಂದ ಮಾಡಿಕೊಂಡು ಬಂದುದು ಹಕ್ಕಾಗಲಾರದು, ಕಾಡೆಲ್ಲ ಅರಸೊತ್ತಿಗೆಯದೇ ಎಂದನು. ಕಾಯಿದೆಯು ಈ ಎರಡನೆಯ ಮತವನ್ನೇ ಹಿಡಿಯಿತು. ಗ್ರಾಮದ ಕಾಡೆಂಬ ವಿಭಾಗವು ಹೆಚ್ಚುಕಡಮೆ ಕಾಗದದ ಮೇಲೆಯೇ ಉಳಿಯಿತು.

ಹಕ್ಕಿಗೂ ಸವಲತ್ತಿಗೂ ಇರುವ ಭೇದವನ್ನು ಇಲ್ಲಿ ಸ್ಪಷ್ಟವಾಗಿ ಗ್ರಹಿಸಬೇಕು. ಹಕ್ಕನ್ನು ಕಿತ್ತುಕೊಳ್ಳಬೇಕಾದರೆ ಕಾರಣ ಹೇಳಬೇಕು, ಪರಿಹಾರ ಕೊಡಬೇಕು. ಸವಲತ್ತು ಕೊಟ್ಟವನ ಮರ್ಜಿಯಂತೆ ಬರುತ್ತದೆ, ಮರ್ಜಿಯಂತೆ ಹೋಗುತ್ತದೆ. ಸೌದೆ, ಸೊಪ್ಪು, ಮೇವು, ಬಿದಿರು ಮುಂತಾಗಿ ಊರವರು ತಲೆತಲಾಂತರದಿಂದ ತರುತ್ತಿದ್ದುದೆಲ್ಲ ಈ ಕಾಯಿದೆಯಿಂದ ಸವಲತ್ತಾಗಿ ಮಾರ್ಪಟ್ಟಿತು. ಸವಲತ್ತಿನವನು ನಾಳಿನ ಚಿಂತೆಯನ್ನು ಏಕೆ ಮಾಡಿಯಾನು? ನಾಳೆ ಬಿಡುತ್ತಾರೋ ಇಲ್ಲವೋ ಎಂದು ಇಂದೇ ಎರಡು ಹೊರೆ ಹೆಚ್ಚು ತಂದಿಡುತ್ತಾನೆ. ಜನರು ಕಾಡನ್ನು ಹಾಳುಮಾಡುತ್ತಾರೆಂಬ ದೂರು ಇಲಾಖೆಯ ಬರಹಗಳಲ್ಲಿ ಪದೇ ಪದೇ ಕಾಣುತ್ತದೆ. ದೂರು ಸುಳ್ಳಲ್ಲ. ಆದರೆ ಕಾಡಿನ ನಾಳೆಯಲ್ಲಿ ಪಾಲಿಲ್ಲದಂತೆ ಅವರನ್ನು ಮಾಡಿದುದು ಯಾವುದೆಂಬುದನ್ನು ಆ ಬರಹಗಳು ವಿಚಾರಿಸಲಿಲ್ಲ. ೧೯೩೦ರಲ್ಲಿ ಕರಾವಳಿಯ ಕಾರವಾರ ಜಿಲ್ಲೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ಅರಣ್ಯ ಸತ್ಯಾಗ್ರಹ ನಡೆದಾಗ ಅಷ್ಟು ಜನ ಕೊಡಲಿ ಹಿಡಿದು ಕಾಡಿಗೆ ನಡೆದುದಕ್ಕೆ ದೇಶಭಕ್ತಿಯ ಜೊತೆಗೆ ಈ ನೋವೂ ಕಾರಣವಾಗಿತ್ತು.

ಸ್ವಾತಂತ್ರ್ಯ ಬಂದಿತು. ಕಾಡಿನ ಕಾಯಿದೆ ಬದಲಾಗಲಿಲ್ಲ. ೧೯೫೨ರ ರಾಷ್ಟ್ರೀಯ ಅರಣ್ಯ ನೀತಿಯು ನೆರೆಯ ಹಳ್ಳಿಗಳ ಅಗತ್ಯಗಳನ್ನು ಒಪ್ಪಿಕೊಂಡರೂ, ದೇಶದ ಹಿತಕ್ಕೆ ಅಡ್ಡಿಯಾಗುವಂತೆ ಅವು ನಡೆಯಕೂಡದೆಂದು ಕಟ್ಟುಮಾಡಿತು. ದೇಶದ ಹಿತವೆಂದರೆ ಯಾರ ಹಿತ ಎಂಬುದೇ ಇಲ್ಲಿ ತೊಡಕು. ಉತ್ತರ ಕನ್ನಡದ ದಾಂಡೇಲಿಯಲ್ಲಿ ೧೯೫೦ರ ದಶಕದಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಸುತ್ತಲಿನ ಕಾಡಿನ ಬಿದಿರೇ ಅದರ ಆಹಾರ. ಸರಕಾರವು ಆ ಬಿದಿರನ್ನು ಕಾರ್ಖಾನೆಗೆ ಟನ್ನಿಗೆ ಒಂದೆರಡು ರೂಪಾಯಿಗಳಷ್ಟು ಅಲ್ಪ ದರದಲ್ಲಿ ಕೊಡಲು ಒಪ್ಪಿತು. ಅದೇ ಬಿದಿರನ್ನು ಮೇದಾರನು ಪೇಟೆಯಲ್ಲಿ ಗಳದ ಲೆಕ್ಕದಲ್ಲಿ, ಅದರ ಎಷ್ಟೋ ನೂರು ಪಟ್ಟು ಬೆಲೆ ತೆತ್ತು ಕೊಳ್ಳಬೇಕಾಗಿತ್ತು. ಅಗ್ಗವಾಗಿ ಸಿಕ್ಕ ವಸ್ತುವನ್ನು ಜೋಪಾನ ಮಾಡುವವರು ವಿರಳ. ಇಲ್ಲಿ ಆದುದೂ ಅಷ್ಟೇ.

ಕಾರ್ಖಾನೆ ಬೇಡವಾಗಿತ್ತೆಂದು ಇದರ ಅರ್ಥವಲ್ಲ. ಕಾಗದವಿಲ್ಲದೆ ಶಾಲೆಯಿಲ್ಲ, ಗ್ರಂಥವಿಲ್ಲ. ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದ ವಚನಗಳು ಮನೆಮನೆಗೆ ಬಂದುದೂ ಕಾಗದದ ಮೇಲೆಯೇ. ದಾಂಡೇಲಿಯಲ್ಲಿ ಸಾವಿರಾರು ಜನರಿಗೆ ಉದ್ಯೋಗ ದೊರಕಿತು. ಆದರೆ ಒಂದೇ ಮೆಳೆಯ ಮೇಲೆ ಇಬ್ಬರ ಬದುಕು ನಿಂತಿರುವಾಗ ಒಬ್ಬನಿಗೆ ಬಿಟ್ಟಿಯಾಗಿಯೂ ಇನ್ನೊಬ್ಬನಿಗೆ ತುಟ್ಟಿಯಾಗಿಯೂ ಕೊಡುವುದು ಹಿತದ ವಿಭಾಗವಲ್ಲ, ಅದು ಪಕ್ಷಪಾತ.

೧೯೭೦ರ ದಶಕದ ವೇಳೆಗೆ ಕಾಡಿನಲ್ಲಿ ಬಿದಿರು ಕ್ಷೀಣಿಸಿತು. ಕಾರ್ಖಾನೆಯೇ ನಮ್ಮ ಬಿದಿರನ್ನು ನುಂಗಿತೆಂದು ಮೇದಾರರು ಮೊರೆಯಿಟ್ಟರು. ಹಳ್ಳಿಯವರ ದನಗಳೂ ಕತ್ತಿಗಳೂ ಕಾರಣವೆಂದು ಇನ್ನೊಂದು ಪಕ್ಷ ಹೇಳಿತು. ಆಗ ರಾಜ್ಯದ ಅರ್ಥಸಚಿವರಾಗಿದ್ದ ಎಂ. ವೈ. ಘೋರ್ಪಡೆಯವರು ಇದರ ನಿಜಸ್ಥಿತಿಯನ್ನು ಪರಿಶೀಲಿಸುವಂತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಕೇಳಿಕೊಂಡರು. ಗಾಡ್ಗೀಳರೂ ಅವರ ಸಹೋದ್ಯೋಗಿ ನರೇಂದ್ರ ಪ್ರಸಾದರೂ ಕಾಡಿನಲ್ಲಿ ಅಲೆದು, ಮೆಳೆಗಳನ್ನು ಗುರುತುಹಾಕಿ, ವರ್ಷ ವರ್ಷವೂ ಕಳಲೆಗಳನ್ನು ಎಣಿಸಿ ನೋಡಿದರು.

ಆ ಪರಿಶೀಲನೆಯಲ್ಲಿ ಹೊರಬಿದ್ದ ಒಂದು ಸಂಗತಿ ವಿಶೇಷವಾಗಿ ಮನನೀಯ. ಮೆಳೆಯ ಬುಡದ ಮುಳ್ಳನ್ನು ಸವರಿ ಚೊಕ್ಕಟ ಮಾಡಬೇಕೆಂಬುದು ಅಂದಿನ ಅರಣ್ಯಶಾಸ್ತ್ರದ ವಿಧಿ. ಮುಳ್ಳು ಒತ್ತೊತ್ತಾಗಿದ್ದರೆ ಕಳಲೆ ಸರಾಗವಾಗಿ ಏಳಲಾರದು, ಸೊಟ್ಟಗಾಗುವುದು, ಗಳ ಕಡಿಯುವುದಕ್ಕೂ ತೊಂದರೆ ಎಂಬುದು ಅದರ ಯುಕ್ತಿ. ಕಡಿಯುವ ಆಳುಗಳು ಇದರಂತೆ ಬುಡವನ್ನು ಬೋಳಿಸುತ್ತಿದ್ದರು. ಊರವರು ಮಾತ್ರ ಬೇರೆಯೇ ಮಾತನ್ನು ಹೇಳಿದರು: ಆ ಮುಳ್ಳೇ ಕಳಲೆಯ ಕಾವಲು, ಮುಳ್ಳು ತೆಗೆದರೆ ದನ, ಹಂದಿ, ಮುಳ್ಳುಹಂದಿ, ಮಂಗ ಎಲ್ಲವೂ ಬಂದು ಎಳೆಯ ಕಳಲೆಯನ್ನು ತಿಂದು ಹೋಗುತ್ತವೆ, ತಿಂದ ಮೇಲೆ ಹೊಸ ಗಳವೆಲ್ಲಿಯದು? ವಿದ್ವಾಂಸರು ಈ ಮಾತನ್ನು ಹಳ್ಳಿಯ ಹರಟೆಯೆಂದು ತಳ್ಳಿಹಾಕಲಿಲ್ಲ. ಅದನ್ನೂ ಪರೀಕ್ಷೆಗೆ ಒಡ್ಡಿದರು. ಮುಳ್ಳು ಸವರಿದ ಮೆಳೆಗಳಲ್ಲಿ ಕಳಲೆ ಉಳಿಯಲಿಲ್ಲ. ಮುಳ್ಳಿದ್ದ ಮೆಳೆಗಳಲ್ಲಿ ಉಳಿಯಿತು. ಊರವರು ಹೇಳಿದುದೇ ಸರಿಯಾಗಿತ್ತು.

ಶಾಸ್ತ್ರವೆಲ್ಲ ಹುಸಿ, ಹಳ್ಳಿಯ ಮಾತೆಲ್ಲ ದಿಟ ಎಂದು ಇದರಿಂದ ತೀರ್ಮಾನಿಸತಕ್ಕದ್ದಲ್ಲ. ಹಳ್ಳಿಯವರು ಹೇಳಿದ ಮಾತು ದಿಟವೆಂದು ತಿಳಿದುದೂ ಎಣಿಸಿ ನೋಡಿದ ಶಾಸ್ತ್ರದಿಂದಲೇ. ಗಮನಿಸಬೇಕಾದುದು ಬೇರೆ. ಮುಳ್ಳು ಸವರಿಸಿದ ಅಧಿಕಾರಿ ಕೆಲವು ವರ್ಷಗಳಲ್ಲಿ ವರ್ಗವಾಗಿ ಹೋಗುತ್ತಾನೆ. ಕಡಿಯಿಸಿದ ಗುತ್ತಿಗೆದಾರನಿಗೆ ಮುಂದಿನ ವರ್ಷ ಬೇರೆ ಕಾಡು. ಅದೇ ಮೆಳೆಗೆ ಮುಂದಿನ ಮಳೆಗಾಲದಲ್ಲಿಯೂ ಬರಬೇಕಾದವನು ಊರವನೊಬ್ಬನೇ. ಮರಳಿ ಬರುವವನ ಕಣ್ಣಿಗೆ ಮಾತ್ರ ಕಳಲೆ ಬಿದ್ದುದು, ಬೀಳದುದು ಕಾಣುತ್ತದೆ. ಕೈಕೆಲಸದವನ ಅರಿವು ಎಂಬುದು ಇಂತಹದೇ. ಆಡಳಿತದಲ್ಲಿ ಆ ಅರಿವಿಗೆ ಎಡೆಯಿಲ್ಲದಿದ್ದರೆ ನಷ್ಟವಾಗುವುದು ಬಡವನಿಗಷ್ಟೇ ಅಲ್ಲ, ಕಾಡಿಗೂ ಆಗುತ್ತದೆ.

ಪರಿಶೀಲನೆಯಿಂದ ಬೇರೆ ದೋಷಗಳೂ ಹೊರಬಂದವು. ಕಾಡಿನಲ್ಲಿ ಇರುವ ಬಿದಿರಿನ ಮೊತ್ತವನ್ನು ಇದ್ದುದಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಅಂದಾಜು ಮಾಡಲಾಗಿತ್ತು. ಎಳೆಯ ಗಳವನ್ನು ಬಿಡಬೇಕೆಂಬ ನಿಯಮ ಪುಸ್ತಕದಲ್ಲಿದ್ದರೂ ಕಡಿಯುವ ಸ್ಥಳದಲ್ಲಿ ಇರಲಿಲ್ಲ. ದನಗಳ ಮೇವಿನಿಂದಲೂ ಹಾನಿಯಾಗುತ್ತಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಹತ್ತಿರದ ಕಾಡಿನಲ್ಲಿ ಬಿದಿರು ಮುಗಿದಂತೆ ಕಾರ್ಖಾನೆ ದೂರದ ಕಾಡಿಗೆ, ಆಮೇಲೆ ಹೊರರಾಜ್ಯಗಳ ಬಿದಿರಿಗೆ, ನೀಲಗಿರಿ ಮರಕ್ಕೆ ಕೈಚಾಚಿತು. ಬಂಡವಾಳವಿದ್ದವನಿಗೆ ಒಂದು ಕಾಡು ಹೋದರೆ ಇನ್ನೊಂದು ಕಾಡುಂಟು. ಮೇದಾರನಿಗೆ ಇರುವುದು ಒಂದೇ. ಅದು ಬರಿದಾದ ದಿನ ಅವನು ಕತ್ತಿಯನ್ನು ಮನೆಯ ಸೂರಿಗೆ ಸಿಕ್ಕಿಸಿ ಕೂಲಿಗೆ ಹೋಗಬೇಕು. ಸ್ಥಳೀಯರ ಹಿತವೆಂಬ ಮಾತಿನ ತಿರುಳು ಇದು. ಸ್ಥಳೀಯನೆಂದರೆ ಬೇರೆಡೆಗೆ ಹೋಗಲು ದಾರಿಯಿಲ್ಲದವನು.

ಇಷ್ಟು ಹೇಳಿದ ಮೇಲೆ ಎದುರಾಗುವ ಆಕ್ಷೇಪವೂ ನ್ಯಾಯವಾದುದೇ. ಕಾಡನ್ನು ಸ್ಥಳೀಯರ ಕೈಗೆ ಕೊಟ್ಟರೆ ಅವರು ಅದನ್ನು ಉಳಿಸುವರೆಂಬ ಭರವಸೆ ಏನು? ಬಡತನವು ಮಿತವ್ಯಯವನ್ನು ಕಲಿಸುವಂತೆ ಆತುರವನ್ನೂ ಕಲಿಸುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬಾ ಎಂದವಳು ಅವನ ಮಡದಿ ಲಕ್ಕಮ್ಮ. ಮಾರಯ್ಯನಂತಹ ಶರಣನಿಗೂ ಹೇಳುವವರು ಒಬ್ಬರು ಬೇಕಾಯಿತು ಎಂಬ ಅಂಶವನ್ನು ಈ ಕಥೆಯನ್ನು ಹೇಳುವವರು ಅಷ್ಟಾಗಿ ಗಮನಿಸುವುದಿಲ್ಲ. ಸಂಯಮವು ಒಬ್ಬೊಬ್ಬನ ಮನಸ್ಸಿನಲ್ಲಿ ತಾನಾಗಿಯೇ ಇರುತ್ತದೆಂದು ನಂಬಿ ಕಾಡನ್ನು ಬಿಟ್ಟುಕೊಡಲಾಗದು. ಕಂಡು ಹೇಳುವ ಕಣ್ಣು ಹತ್ತಿರದಲ್ಲಿಯೇ ಇರಬೇಕು.

ಉತ್ತರ ಕನ್ನಡದಲ್ಲಿಯೇ ಇದಕ್ಕೆ ಎರಡು ನಿದರ್ಶನಗಳಿವೆ. ಘಟ್ಟದ ಮೇಲಿನ ಅಡಿಕೆ ತೋಟಗಳಿಗೆ ಸೊಪ್ಪು ಒದಗಿಸಲು ಎಕರೆ ತೋಟಕ್ಕೆ ೯ ಎಕರೆಗಳವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಏರ್ಪಾಡು ಬ್ರಿಟಿಷರ ಕಾಲದಿಂದ ಬಂದಿದೆ. ಕೆಲವು ಬೆಟ್ಟಗಳು ಇಂದಿಗೂ ಹಸಿರಾಗಿವೆ. ಅಲ್ಲಿ ಮರದ ತುದಿಯನ್ನು ಉಳಿಸಿ, ಸರದಿಯಿಂದ ಸೊಪ್ಪು ಕೊಯ್ಯುವ ಪದ್ಧತಿಯಿದೆ. ಕೆಲವು ಬೆಟ್ಟಗಳಲ್ಲಿ ಕೊಯ್ದು ಕೊಯ್ದು ಮರಗಳು ಕಂಬಗಳಂತೆ ನಿಂತಿವೆ. ಅದಕ್ಕಿಂತ ಮುಖ್ಯವಾಗಿ, ತೋಟವಿದ್ದವನಿಗೆ ಬೆಟ್ಟ ಸಿಕ್ಕಿತು. ತೋಟವಿಲ್ಲದ ಕೂಲಿಯವನಿಗೆ, ಕುಶಲಕರ್ಮಿಗೆ ಏನೂ ಸಿಗಲಿಲ್ಲ. ಸ್ಥಳೀಯರೆಂಬ ಒಂದೇ ಹೆಸರಿನಡಿಯಲ್ಲಿ ಉಳ್ಳವರೂ ಇಲ್ಲದವರೂ ಇದ್ದಾರೆಂಬುದನ್ನು ಈ ಏರ್ಪಾಡು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೆಯದು ಕುಮಟಾ ತಾಲೂಕಿನ ಹಳಕಾರ ಗ್ರಾಮದ್ದು. ಜನರ ಅರಣ್ಯಸಂಬಂಧವಾದ ಕಷ್ಟಗಳನ್ನು ಮುಂಬಯಿ ಸರಕಾರದ ಪರವಾಗಿ ವಿಚಾರಿಸಿದ ಕಾಲಿನ್ಸ್ ಎಂಬ ಅಧಿಕಾರಿಯ ಸಲಹೆಯ ಮೇರೆಗೆ ೧೯೨೦ರ ದಶಕದಲ್ಲಿ ಆ ಊರಿನವರಿಗೆ ಒಂದು ಕಾಡನ್ನು ವಹಿಸಿಕೊಡಲಾಯಿತು. ಊರವರೇ ಸಮಿತಿಯನ್ನು ಆರಿಸಿದರು, ಊರವರೇ ಕಾವಲುಗಾರನನ್ನು ನೇಮಿಸಿದರು. ಸೌದೆ, ದರಕು ಇತ್ಯಾದಿಗಳನ್ನು ಯಾರು ಎಷ್ಟು ತರಬಹುದೆಂಬುದಕ್ಕೆ ಕಟ್ಟಳೆ ಮಾಡಿಕೊಂಡರು. ಕರಾವಳಿಯ ಜನದಟ್ಟಣೆಯ ನಡುವೆ, ಸುತ್ತಲಿನ ಗುಡ್ಡಗಳು ಬೋಳಾದರೂ, ಆ ಕಾಡು ಉಳಿಯಿತು. ರಾಜ್ಯ ಪುನರ್ರಚನೆಯ ತರುವಾಯ ಹೊಸ ಕಾಯಿದೆಯಡಿ ಇಂತಹ ಪಂಚಾಯತಿಗಳನ್ನು ಬರಖಾಸ್ತು ಮಾಡಲು ಆಜ್ಞೆಯಾದಾಗ ಹಳಕಾರದವರು ನ್ಯಾಯಾಲಯದ ಮೆಟ್ಟಿಲು ಹತ್ತಿ ತಡೆಯಾಜ್ಞೆ ತಂದರು. ಚೆನ್ನಾಗಿ ನಡೆದಿದ್ದ ಸಂಸ್ಥೆಯನ್ನು ಸರಕಾರವೇ ಮುಚ್ಚಹೊರಟದ್ದೂ, ತಮ್ಮ ಕಾಡನ್ನು ಕಾಯುವ ಹೊಣೆಯನ್ನು ತಮ್ಮಲ್ಲಿಯೇ ಉಳಿಸಿಕೊಳ್ಳಲು ಜನ ಕೈಯಿಂದ ಹಣ ಖರ್ಚುಮಾಡಿ ಹೋರಾಡಿದ್ದೂ ಆಶ್ಚರ್ಯದ ವಿಷಯ. ಬೆಟ್ಟದಲ್ಲಿ ಇಲ್ಲದೆ ಹಳಕಾರದಲ್ಲಿ ಇದ್ದುದೇನೆಂದರೆ ಲಕ್ಕಮ್ಮನ ಆ ಕಣ್ಣು. ನೆರೆಯವನು ಎಷ್ಟು ಹೊತ್ತು ತಂದನೆಂಬುದು ನೆರೆಯವನಿಗೆ ತಿಳಿದಿತ್ತು, ಕೇಳುವ ಅಧಿಕಾರವೂ ಅವನಿಗಿತ್ತು.

ಇತ್ತ ೧೯೮೦ರ ದಶಕದಲ್ಲಿ ಜನರ ಅಸಮಾಧಾನ ಹಲವೆಡೆ ಹೊರಹೊಮ್ಮಿತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಮೀಪದ ಸಾಲ್ಕಣಿ ಕಡೆಯ ಜನ ಕಾಡಿಗೆ ನಡೆದು, ಕಡಿಯಬೇಕೆಂದು ಗುರುತುಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ಚಳುವಳಿಯ ಕನ್ನಡ ರೂಪವಾದ ಅಪ್ಪಿಕೋ ಹೀಗೆ ಆರಂಭವಾಯಿತು. ಮರುವರ್ಷ ಸರಕಾರವು ಒಂದು ಖಾಸಗಿ ಕಾರ್ಖಾನೆಯೊಡನೆ ಕೂಡಿ ಸಂಸ್ಥೆಯೊಂದನ್ನು ರಚಿಸಿ, ಊರವರು ದನ ಮೇಯಿಸುತ್ತ ಸೌದೆ ಆರಿಸುತ್ತ ಇದ್ದ ಸುಮಾರು ೩೦ ಸಾವಿರ ಹೆಕ್ಟೇರು ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಹಾಕಿತು. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ, ಅದರಡಿಯಲ್ಲಿ ಹುಲ್ಲು ಸರಿಯಾಗಿ ಏಳುವುದಿಲ್ಲ. ೧೯೮೭ರ ನವೆಂಬರ್ ೧೪ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಸೇರಿದ ಜನ ನೀಲಗಿರಿಯ ಸಸಿಗಳನ್ನು ಕಿತ್ತು, ಅದೇ ಗುಂಡಿಗಳಲ್ಲಿ ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಅದಕ್ಕೆ ಹೆಸರಾಯಿತು. ಡಾ. ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದ್ದರು. ೧೯೯೧ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ಕಿತ್ತುದಕ್ಕಿಂತ ಹಚ್ಚಿದುದೇ ಇಲ್ಲಿ ವಿಶೇಷ. ಬೇಡವೆಂದವರು ಏನು ಬೇಕೆಂಬುದನ್ನೂ ಕೈಯಾರೆ ನೆಟ್ಟು ತೋರಿಸಿದರು.

ಇಂತಹವುಗಳ ಪರಿಣಾಮವಾಗಿ ನೀತಿಯ ಮಾತು ಬದಲಾಯಿತು. ೧೯೮೮ರ ಅರಣ್ಯ ನೀತಿಯು ಕಾಡಿನ ಉತ್ಪನ್ನದ ಮೇಲೆ ಮೊದಲ ಹಕ್ಕು ಕಾಡಿನಲ್ಲಿಯೂ ಅದರ ಸಮೀಪದಲ್ಲಿಯೂ ಬಾಳುವವರ ಗೃಹಕೃತ್ಯದ ಅಗತ್ಯಗಳದೆಂದು ಒಪ್ಪಿತು. ೧೯೯೩ರಲ್ಲಿ ಕರ್ನಾಟಕ ಸರಕಾರ ಗ್ರಾಮ ಅರಣ್ಯ ಸಮಿತಿಗಳನ್ನು ರಚಿಸಲು ಆಜ್ಞೆ ಹೊರಡಿಸಿತು. ಆದರೆ ಸಮಿತಿಗೆ ಬಂದುದು ಮುಖ್ಯವಾಗಿ ಕ್ಷಯಿಸಿದ ಕಾಡು. ಕಾರ್ಯದರ್ಶಿ ಅರಣ್ಯ ಇಲಾಖೆಯ ನೌಕರ. ಲೆಕ್ಕದ ಪುಸ್ತಕವೂ ಅವನ ಕೈಯಲ್ಲಿ. ಒಳ್ಳೆಯ ಅಧಿಕಾರಿಯಿದ್ದ ಕಡೆ ಒಳ್ಳೆಯ ಕೆಲಸವಾಯಿತು. ಅವನು ವರ್ಗವಾದ ಮೇಲೆ ಸಭೆಯೇ ಸೇರದ ಊರುಗಳೂ ಉಂಟು.

೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯ ಭಾಷೆ ಬೇರೆ. ಅದು ಸವಲತ್ತೆನ್ನುವುದಿಲ್ಲ, ಹಕ್ಕೆನ್ನುತ್ತದೆ. ಸಾಮುದಾಯಿಕ ಅರಣ್ಯವನ್ನು ಬಳಸುವ ಹಕ್ಕಿನೊಡನೆ ಅದನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕನ್ನೂ ಗ್ರಾಮಸಭೆಗೆ ಕೊಡುತ್ತದೆ. ಕಾಡಿಗೂ ವನ್ಯಮೃಗಗಳಿಗೂ ಹಾನಿಯಾಗದಂತೆ ನೋಡಿಕೊಳ್ಳುವ ಕರ್ತವ್ಯವನ್ನೂ ವಿಧಿಸುತ್ತದೆ. ಬಿದಿರನ್ನು ಅದು ಕಿರು ಅರಣ್ಯೋತ್ಪನ್ನವೆಂದು ಹೆಸರಿಸಿಯೇ ಎಣಿಸಿದೆ.

ಇದು ಬರಹದಿಂದ ಬಾಳಿಗೆ ಬಂದ ಬಗೆಯನ್ನು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ ಎಂಬ ಗೊಂಡರ ಹಳ್ಳಿಯಲ್ಲಿ ಕಾಣಬಹುದು. ಅದರ ಕಾಡಿನ ಬಿದಿರೂ ಹಿಂದೆ ಕಾಗದದ ಕಾರ್ಖಾನೆಗೇ ಹೋಗುತ್ತಿತ್ತು. ಊರವರು ಕೂಡಿ ಕಾಯಿದೆ, ಕಾಡು, ನೀರು ಇವುಗಳನ್ನು ಕುರಿತು ಅಭ್ಯಾಸ ಮಾಡುವ ಗುಂಪುಗಳನ್ನು ಕಟ್ಟಿಕೊಂಡರು; ಗ್ರಾಮಸಭೆಯಲ್ಲಿ ಬಹುಮತದಿಂದಲ್ಲದೆ ಸರ್ವಸಮ್ಮತಿಯಿಂದ ನಿರ್ಣಯ ಮಾಡುವ ಪದ್ಧತಿಯಿಟ್ಟರು. ೨೦೦೯ರಲ್ಲಿ ಸುಮಾರು ೧,೮೦೦ ಹೆಕ್ಟೇರು ಕಾಡಿನ ಮೇಲೆ ಅವರ ಸಾಮುದಾಯಿಕ ಹಕ್ಕು ಮಾನ್ಯವಾಯಿತು. ಆದರೂ ಬಿದಿರನ್ನು ಸಾಗಿಸುವ ರಹದಾರಿಯನ್ನು ಇಲಾಖೆ ಕೊಡಲೊಪ್ಪಲಿಲ್ಲ. ಬಿದಿರು ಮರವೇ ಹುಲ್ಲೇ ಎಂಬ ವಾದದಲ್ಲಿಯೇ ಕಾಲ ಕಳೆಯಿತು! ೨೦೧೧ರ ಏಪ್ರಿಲಿನಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜಯರಾಮ ರಮೇಶರು ತಾವೇ ಹಳ್ಳಿಗೆ ಬಂದಾಗ ರಹದಾರಿಯ ಪುಸ್ತಕ ಗ್ರಾಮಸಭೆಯ ಕೈಸೇರಿತು. ಹಕ್ಕುಪತ್ರ ಕೈಯಲ್ಲಿದ್ದರೂ ಒಂದು ಚೀಟಿಯ ಪುಸ್ತಕಕ್ಕಾಗಿ ಸಚಿವರೇ ಬರಬೇಕಾಯಿತೆಂಬುದನ್ನು ಯೋಚಿಸಿದರೆ ಕಾಯಿದೆ ಮಾಡುವುದಕ್ಕೂ ಕಾಯಿದೆ ನಡೆಯುವುದಕ್ಕೂ ಇರುವ ಅಂತರ ತಿಳಿದೀತು.

ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವೃತ್ತಾಂತವು ಬಿದಿರಿನ ಮುಳ್ಳಿನ ಕಥೆಗೆ ಬಹಳ ಹತ್ತಿರವಾದುದು. ೧೯೭೪ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಅವರ ಬೇಟೆ, ಬೇಸಾಯಗಳು ನಿಂತವು. ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿಯೂ ನಿಂತಿತು. ಆ ತರಗು ಬೆಂಕಿಯಿಂದ ಪೊದೆ ಹಬ್ಬುತ್ತಿರಲಿಲ್ಲ, ನೆಲ್ಲಿಯ ಮರಕ್ಕೆ ಬದನಿಕೆ ಏರುತ್ತಿರಲಿಲ್ಲ, ಈಗ ಲಂಟಾನ ಕಾಡನ್ನೆಲ್ಲ ಮುಚ್ಚಿದೆ, ಬದನಿಕೆ ನೆಲ್ಲಿಯನ್ನು ಕೊಲ್ಲುತ್ತಿದೆ ಎಂದು ಸೋಲಿಗರು ಹೇಳುತ್ತ ಬಂದರು. ಸಂಶೋಧಕರು ಇದನ್ನೂ ಪರಿಶೀಲನೆಗೆ ಎತ್ತಿಕೊಂಡು, ಅವರ ಮಾತಿನಲ್ಲಿ ಹುರುಳಿದೆಯೆಂದು ಕಂಡುಕೊಂಡಿದ್ದಾರೆ. ೨೦೦೬ರಲ್ಲಿ ಜೇನು, ನೆಲ್ಲಿ, ಪಾಚಿ ಮುಂತಾದವನ್ನು ಮಾರಾಟಕ್ಕಾಗಿ ತರುವುದು ನಿಷಿದ್ಧವಾಗಿ ಅವರ ಕೈಗೆ ಬರುತ್ತಿದ್ದ ಹಣವೂ ತಪ್ಪಿತು. ೨೦೧೧ರ ಅಕ್ಟೋಬರಿನಲ್ಲಿ ಅಲ್ಲಿಯ ೨೫ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಹುಲಿ ರಕ್ಷಿತಾರಣ್ಯದೊಳಗೆ ಹೀಗೆ ಹಕ್ಕು ಮಾನ್ಯವಾದುದು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ಆದರೂ ಮೊದಲು ಹೇಳಿದ ಮೇದಾರನ ಪ್ರಶ್ನೆ ತೀರಿದಂತಾಗಲಿಲ್ಲ. ಹೊಸ ಕಾಯಿದೆಯು ಹಕ್ಕನ್ನು ಕೊಡುವುದು ಕಾಡಿನಲ್ಲಿ ವಾಸಿಸುತ್ತ ಅದನ್ನೇ ನೆಚ್ಚಿದವರಿಗೆ. ಮೇದಾರರ ಸಮುದಾಯವು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದೆ ನಿಜ. ಆದರೆ ಅವರಲ್ಲಿ ಬಹುಮಂದಿ ವಾಸಿಸುವುದು ಕಾಡಿನಲ್ಲಲ್ಲ. ಪೇಟೆ ಪಟ್ಟಣಗಳ ಮೇದಾರ ಓಣಿಗಳಲ್ಲಿ. ಅವರು ಕಾಡನ್ನು ನೆಚ್ಚಿದವರು, ಕಾಡಿನಲ್ಲಿ ನೆಲಸಿದವರಲ್ಲ. ಗ್ರಾಮಸಭೆಗೆ ಕಾಡು ಬಂದರೂ ಆ ಸಭೆಯಲ್ಲಿ ಅವರಿಗೆ ಕುಳಿತುಕೊಳ್ಳಲು ಸ್ಥಳವಿಲ್ಲ. ೨೦೧೭ರಲ್ಲಿ ಭಾರತೀಯ ಅರಣ್ಯ ಕಾಯಿದೆಯ ಮರ ಎಂಬ ಪದದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಡಲಾಯಿತು. ಅದರ ಉದ್ದೇಶ ಕಾಡಿನ ಹೊರಗೆ ರೈತರು ಬೆಳೆಸಿದ ಬಿದಿರನ್ನು ಬಿಡುಗಡೆ ಮಾಡುವುದೇ ಹೊರತು ಕಾಡಿನ ಮೆಳೆಯನ್ನು ಮೇದಾರನಿಗೆ ತೆರೆಯುವುದಲ್ಲ. ಕರ್ನಾಟಕಕ್ಕಂತೂ ೧೯೬೩ರ ತನ್ನದೇ ಅರಣ್ಯ ಕಾಯಿದೆಯಿದೆ.

ಹಳಕಾರದಂತಹ ಊರಿನ ಸಮಿತಿಯು ತನ್ನ ಗಡಿಯ ಹೊರಗಿನ ಕುಶಲಕರ್ಮಿಗೂ ವರ್ಷಕ್ಕೆ ಇಷ್ಟು ಗಳವೆಂದು ಪಾಲು ಗೊತ್ತುಮಾಡಬಹುದು. ಪ್ರತಿಯಾಗಿ ಅವನೂ ಬಲಿತುದನ್ನೇ ಕಡಿದು, ಬುಡದ ಮುಳ್ಳನ್ನು ಹಾಗೆಯೇ ಉಳಿಸುವ ಕಟ್ಟಳೆಗೆ ಒಳಪಡಬಹುದು. ಕಾಯಿದೆಯಲ್ಲಿ ಇದಕ್ಕೆ ಅಡ್ಡಿಯೇನೂ ಕಾಣುವುದಿಲ್ಲ. ಗ್ರಾಮಸಭೆಗೆ ಬಂದ ನಿರ್ವಹಣೆಯ ಅಧಿಕಾರದಲ್ಲಿ ಇದೂ ಅಡಕವಾಗಿದೆ. ಆದರೆ ಊರಿನವರು ಓಣಿಯವನನ್ನು ಕರೆದು ಕೇಳಬೇಕು, ಓಣಿಯವನು ತನಗೆ ನಿಜವಾಗಿ ಬೇಕಾದುದು ಎಷ್ಟೆಂದು ಲೆಕ್ಕ ಹೇಳಬೇಕು. ಸಂತೆಯಲ್ಲಿ ಪ್ಲಾಸ್ಟಿಕ್ಕಿನ ಮೊರ ಬುಟ್ಟಿಗಳು ಅಗ್ಗವಾಗಿ ಸಿಗುತ್ತಿರುವಾಗ ಆ ಲೆಕ್ಕ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ.